ಶಾಲಾ ಮಕ್ಕಳ ಸಹಾಯಾರ್ಥ ಕಾರ್ಯಕ್ರಮ: ಕಡಿಮೆ ಖರ್ಚಿನಲ್ಲಿ ಯಾವ ಬಹುಮಾನ ಇಡೋಣ?

ಆ ವರ್ಷ ನಾವು ಸೈಕಲ್ ಇಟ್ಟಿದ್ದೆವು. ಕೆಂಪು ಬಣ್ಣದ್ದು. ಹ್ಯಾಂಡಲ್ಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರಲಿಲ್ಲ. ವಾರವಿಡೀ ಅದು ಶಾಲೆಯ ಕಚೇರಿಯ ಎದುರು ನಿಂತಿತ್ತು. ಹೋಗುವಾಗ ಬರುವಾಗ ಮಕ್ಕಳು ಬೆಲ್ ಬಾರಿಸಿ ಓಡುತ್ತಿದ್ದರು. ಕೊಡಗಿನ ಕಾಫಿ ತೋಟದ ಲೈನ್ ಮನೆಗಳಿಂದ, ಎಂದರೆ ಕಾರ್ಮಿಕರ ಸಾಲುಮನೆಗಳಿಂದ, ನಡೆದು ಬರುವ ನಲವತ್ತು ಮಕ್ಕಳಿಗೆ ಮಳೆಗಾಲದ ಮುಂಚೆ ರೇನ್‌ಕೋಟ್ ಕೊಡಿಸಬೇಕೆಂದು ಒಂಬತ್ತನೇ ತರಗತಿಯವರು ಹಟ ಹಿಡಿದು ಹೊರಟಿದ್ದ ಕಾರ್ಯಕ್ರಮ ಅದು.

ಕೂಪನ್ ಮಾರಾಟದಿಂದ 9,400 ರೂಪಾಯಿ ಬಂತು. ಸೈಕಲ್ಲಿಗೆ 5,800 ಹೋಯಿತು. ಮುದ್ರಣಕ್ಕೆ 450. ಉಳಿದ ಹಣದಲ್ಲಿ ಬಂದದ್ದು ಹನ್ನೆರಡು ರೇನ್‌ಕೋಟ್. ಸೈಕಲ್ ಬಂದದ್ದು ಎಂಟನೇ ತರಗತಿಯ ಒಬ್ಬ ಹುಡುಗಿಗೆ. ಅವಳ ಮನೆ ರಸ್ತೆಯಿಂದ ಕೆಳಗೆ, ಮಣ್ಣು ಕಡಿದು ಮಾಡಿದ ಮೆಟ್ಟಿಲು ಇಳಿದು ಹೋಗುವ ಕಡೆ. ಅವಳ ಅಪ್ಪ ವೇದಿಕೆಯ ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನಿಂತು, "ಟೀಚರ್, ಇದನ್ನು ಎಲ್ಲಿ ಇಡಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳಲ್ಲಿ ಅದನ್ನು ಅರ್ಧ ಬೆಲೆಗೆ ಮಾರಿದರೆಂದು ಆಮೇಲೆ ತಿಳಿಯಿತು.

ನಾನು ಈಗ ಶಿಕ್ಷಕಿಯ ಕೆಲಸದಲ್ಲಿಲ್ಲ. ಆದರೆ ದಸರಾ ರಜೆ ಮುಗಿಯುತ್ತಿದ್ದಂತೆ ಫೋನ್ ಬರಲು ಶುರುವಾಗುತ್ತದೆ. ಒಮ್ಮೆ ಶಿಕ್ಷಕಿಯರು, ಒಮ್ಮೆ ತಾಯಂದಿರು, ಈಚೆಗೆ ಮಕ್ಕಳೇ. ಪ್ರಶ್ನೆ ಒಂದೇ: "ಸಾವಿರ, ಸಾವಿರದೈನೂರರ ಒಳಗೆ ಏನು ಇಟ್ಟರೆ ಜನ ಬರುತ್ತಾರೆ?" ಸ್ಪೀಕರೋ, ಹಾಕಿ ಸ್ಟಿಕ್ಕೋ, ಜೇನು ಕಾಫಿಪುಡಿಯ ಬುಟ್ಟಿಯೋ, ಕೊಡೆಯೋ, ನಗದೋ ಎಂಬ ಗೊಂದಲದಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಎಷ್ಟು ಜನ ಭಾಗವಹಿಸಬಹುದು, ಒಬ್ಬರಿಗೆ ಎಷ್ಟು ಶುಲ್ಕ, ಒಟ್ಟು ಎಷ್ಟು ಬರಬಹುದು ಎಂಬುದು. ಇಪ್ಪತ್ತು ರೂಪಾಯಿಯಂತೆ 350 ಜನ ಎಂದರೆ 7,000. ಬಹುಮಾನಕ್ಕೆಂದು ಅದರ ಐದನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ನಾನು ಸೈಕಲ್ಲಿನ ನಂತರ ಹಾಕಿಕೊಂಡ ಗೆರೆ. ಇಲ್ಲಿ ಅದು 1,400. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಹತ್ತು ಸಾವಿರದ ಬಹುಮಾನ ಬೇಕೆಂದು ಹಾರಾಡುತ್ತಿದ್ದವರು ಈ ಹಾಳೆ ನೋಡಿ ತಾವಾಗಿಯೇ ಇಳಿಯುತ್ತಾರೆ.

ಎರಡನೆಯದು, ಹದಿನಾಲ್ಕು ಹದಿನೈದರ ಮಗು ಆ ವಸ್ತುವನ್ನು ಗೆಳೆಯರ ಎದುರು ಎತ್ತಿ ಹಿಡಿದೀತೇ? ಈ ವಯಸ್ಸಿನವರಿಗೆ ವಸ್ತುವಿನ ಬೆಲೆಗಿಂತ ಅದನ್ನು ಹಿಡಿದುಕೊಂಡು ಬಸ್ ಹತ್ತುವಾಗ ಹೇಗೆ ಕಾಣುತ್ತೇನೆ ಎಂಬುದು ದೊಡ್ಡದು. ಊಟದ ಡಬ್ಬಿ, ಗೋಡೆ ಗಡಿಯಾರ, ಉಕ್ಕಿನ ತಟ್ಟೆ ನಮ್ಮ ಕಾಲಕ್ಕೆ ಸರಿಯಿದ್ದವು. ಇವರಿಗೆ ಅವು ಮುಜುಗರ ತರುತ್ತವೆ.

ಮೂರನೆಯದು, ಯಾರು ಗೆದ್ದರೂ ಹೊಂದಬೇಕು. ಕೊಡಗಿನ ಒಂದು ಹೈಸ್ಕೂಲ್ ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತೋಟದ ಮಾಲೀಕರ ಮಗ, ಅದೇ ತೋಟದ ಲೈನ್ ಮನೆಯ ಮಗಳು, ಹಾಸ್ಟೆಲಿನಲ್ಲಿ ಇರುವವನು, ನಾಪೋಕ್ಲು ಕಡೆಯಿಂದ ಎರಡು ಬಸ್ ಬದಲಿಸಿ ಬರುವವಳು, ಎಲ್ಲರೂ ಒಂದೇ ಬೆಂಚಿನಲ್ಲಿ ಇರುತ್ತಾರೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಮಾತ್ರ ಉಪಯೋಗಕ್ಕೆ ಬರುವ ವಸ್ತು, ಮಾಂಸ ತಿನ್ನುವವರಿಗೆ ಮಾತ್ರ ಆಗುವ ಊಟ, ಹುಡುಗರ ಅಳತೆಯ ಬಟ್ಟೆ ಇವೆಲ್ಲ ಇಲ್ಲೇ ಉದುರಿಹೋಗುತ್ತವೆ.

ನಾಲ್ಕನೆಯದು ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆ ಬೆವರುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೀರುವಿನಲ್ಲಿಟ್ಟ ಪುಸ್ತಕ ಅಲೆಅಲೆಯಾಗುತ್ತದೆ. ಆ ತಿಂಗಳುಗಳಲ್ಲಿ ಕೊಡುವ ವಸ್ತು ತೇವವನ್ನು ತಡೆಯಬೇಕು.

ಐದನೆಯದನ್ನು ಬಹಳ ಶಾಲೆಗಳು ಯೋಚಿಸುವುದೇ ಇಲ್ಲ. ನಾವೂ ಯೋಚಿಸಿರಲಿಲ್ಲ. ಹಣ ಕೊಟ್ಟು ಕೂಪನ್ ಕೊಳ್ಳುವುದು, ಡಬ್ಬಿಯಲ್ಲಿ ಕೈ ಹಾಕಿ ಚೀಟಿ ಎತ್ತುವುದು, ಹೆಸರು ಬಂದವರಿಗೆ ಬಹುಮಾನ ಎಂದರೆ ಅದು ಲಾಟರಿಯ ಸ್ವರೂಪವೇ. ಕರ್ನಾಟಕದಲ್ಲಿ 2007ರಲ್ಲಿಯೇ ಲಾಟರಿ ನಿಷೇಧವಾಗಿದೆ. ಅನುಮತಿಯಿಲ್ಲದ ಲಾಟರಿಯನ್ನು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮು ಅಪರಾಧವೆನ್ನುತ್ತದೆ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಮಕ್ಕಳ ಕೈಯಲ್ಲಿ ಇಂಥ ಕೂಪನ್ ಪುಸ್ತಕ ಕೊಟ್ಟು ಮನೆಮನೆಗೆ ಕಳಿಸುವುದು ನನಗೆ ಈಗ ತಪ್ಪಾಗಿ ಕಾಣುತ್ತದೆ. ಅದೃಷ್ಟದ ಬದಲು ಕೌಶಲವನ್ನು ತನ್ನಿ. ಸ್ಪರ್ಧೆಗೆ ಪ್ರವೇಶ ಶುಲ್ಕ ಇಡಿ, ಚೆನ್ನಾಗಿ ಆಡಿದವರಿಗೆ ಬಹುಮಾನ ಕೊಡಿ. ರಸಪ್ರಶ್ನೆ, ಚದುರಂಗ, ಹಾಕಿಯ ಪೆನಾಲ್ಟಿ ಸ್ಟ್ರೋಕ್, ರಂಗೋಲಿ, ಐದು ನಿಮಿಷದ ಭಾಷಣ, ಯಾವುದಾದರೂ ಸರಿ. ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಮೊದಲೇ ಇರಲಿ, ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಗಮನಕ್ಕೂ ತನ್ನಿ.

ಪೆನಾಲ್ಟಿ ಸ್ಟ್ರೋಕ್ ನಮ್ಮಲ್ಲಿ ಎಷ್ಟು ಜನರನ್ನು ಎಳೆಯುತ್ತದೆಂದು ನೋಡಿಯೇ ನಂಬಬೇಕು. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್, ಚೆಂಡು ಸುಮಾರು ಆರೂವರೆ ಮೀಟರ್ ದೂರದಲ್ಲಿ. ಮೂರು ಹೊಡೆತಕ್ಕೆ ಇಪ್ಪತ್ತು ರೂಪಾಯಿ. ಗೋಲಿನಲ್ಲಿ ಪಿಟಿ ಮೇಷ್ಟ್ರನ್ನು ನಿಲ್ಲಿಸಿದರೆ ಸಾಲು ಆಟದ ಮೈದಾನ ದಾಟುತ್ತದೆ.

ಈಗ ಒಂದೊಂದಾಗಿ ನೋಡೋಣ.

ಬ್ಲೂಟೂತ್ ಸ್ಪೀಕರ್, ಇಯರ್‌ಫೋನ್

ಮಕ್ಕಳನ್ನು ಕೇಳಿದರೆ ಮೊದಲು ಬರುವ ಹೆಸರು ಇದೇ. ಎಂಟುನೂರರಿಂದ ಸಾವಿರದೈನೂರರ ಒಳಗೆ ಸಿಗುತ್ತದೆ, ಮೇಜಿನ ಮೇಲಿಟ್ಟರೆ ಕಣ್ಣು ಸೆಳೆಯುತ್ತದೆ. ಎರಡನೇ ಅಳತೆಗೋಲಿನಲ್ಲಿ ಇದಕ್ಕೆ ಪೂರ್ಣ ಅಂಕ.

ಮೂರನೆಯದರಲ್ಲಿ ಸೋಲುತ್ತದೆ. ಸ್ವಂತ ಫೋನ್ ಇಲ್ಲದ ಮಗುವಿಗೆ ಇದು ಅಪ್ಪನ ಫೋನ್ ಕೈಗೆ ಸಿಗುವವರೆಗೆ ಮೂಲೆಯಲ್ಲಿ ಕೂರುವ ವಸ್ತು. ಅಗ್ಗದ್ದರಲ್ಲಿ ಬ್ಯಾಟರಿಯೂ ಬೇಗ ಸೊರಗುತ್ತದೆ. ಒಮ್ಮೆ ನಾವು ಬಿಲ್ ಪಡೆಯದೆ ತಂದ ಸ್ಪೀಕರ್ ಎರಡೇ ವಾರದಲ್ಲಿ ಮೂಕವಾಯಿತು. ಗೆದ್ದ ಹುಡುಗ ಅದನ್ನು ಮತ್ತೆ ಶಾಲೆಗೆ ತಂದು, ತಾನೇ ಕೆಡಿಸಿದನೋ ಎಂಬಂತೆ ತಲೆ ತಗ್ಗಿಸಿ ನಿಂತಿದ್ದ. ಅಂಗಡಿಯವರು ಬದಲಿಸಿಕೊಡಲಿಲ್ಲ. ಇದನ್ನೇ ಇಡುವುದಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಒಂದು ವರ್ಷದ ವಾರಂಟಿ, ದಿನಾಂಕ ಹಾಕಿದ ಬಿಲ್ ಮೂರೂ ಇರುವುದನ್ನೇ ಕೊಳ್ಳಿ. ಇಯರ್‌ಫೋನನ್ನು ನಾನು ಯಾರಿಗೂ ಹೇಳುವುದಿಲ್ಲ. ರಸ್ತೆಯಲ್ಲಿ ಕಿವಿಗೆ ಸಿಕ್ಕಿಸಿಕೊಂಡು ನಡೆಯುವ ಮಕ್ಕಳ ಹಿಂದೆ ಜೀಪು ತಿರುವಿನಲ್ಲಿ ಬರುವುದನ್ನು ಕಂಡಿದ್ದೇನೆ. ಆನೆ ಓಡಾಡುವ ತೋಟದ ದಾರಿಯಲ್ಲಂತೂ ಕಿವಿ ತೆರೆದೇ ಇರಬೇಕು.

ಪಟ್ಟಣದ ಶಾಲೆ, ಹತ್ತನೇ ತರಗತಿ ಮತ್ತು ಪಿಯು ಮಕ್ಕಳೇ ಹೆಚ್ಚಾಗಿ ಭಾಗವಹಿಸುವ ಕಾರ್ಯಕ್ರಮವಾದರೆ ಸ್ಪೀಕರ್ ಇಡಬಹುದು. ಹಳ್ಳಿಯ ಹೈಸ್ಕೂಲಿಗೆ ಬೇಡ.

ಹಾಕಿ ಸ್ಟಿಕ್

ಬೇರೆ ಜಿಲ್ಲೆಯಲ್ಲಿ ಕುಳಿತು ಈ ಮಾತು ಬರೆಯುತ್ತಿದ್ದರೆ ಇದು ಪಟ್ಟಿಯಲ್ಲೇ ಇರುತ್ತಿರಲಿಲ್ಲ. 1997ರಲ್ಲಿ ಕರಡ ಎಂಬ ಊರಿನಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಮೈದಾನಕ್ಕೆ ಇಳಿಸಿತು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗಳು ಆಡುವ ಆಟ ಇದು. ಹಾಗಾಗಿ ಹುಡುಗಿಯರಿಗೆ ಆಗದು ಎಂಬ ಮಾತು ಕೊಡಗಿನಲ್ಲಿ ನಿಲ್ಲುವುದಿಲ್ಲ. ಕೊಡವ ಮನೆಗಳಾಚೆಗೂ ಶಾಲಾ ತಂಡಗಳಲ್ಲಿ ಎಲ್ಲ ಸಮುದಾಯದ ಮಕ್ಕಳು ಆಡುತ್ತಾರೆ.

ಬಹುಮಾನವಾಗಿ ಇದರ ಒಂದು ಗುಣ ನನಗೆ ಇಷ್ಟ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ, ನಿಯಮವೇ ಒಪ್ಪುವುದಿಲ್ಲ. ಆದ್ದರಿಂದ ಗೆಲ್ಲುವವರ ಕೈ ಯಾವುದೆಂದು ಯೋಚಿಸಬೇಕಿಲ್ಲ. ಉದ್ದ ಮಾತ್ರ ನೋಡಬೇಕು. ಹದಿಮೂರರಿಂದ ಹದಿನಾರರ ಮಕ್ಕಳಲ್ಲಿ ಹೆಚ್ಚಿನವರಿಗೆ 35ರಿಂದ 36.5 ಇಂಚು ಸಾಕು. ಅಂಗಡಿಯವರ ಬಳಿ, ಗೆದ್ದವರು ಬಂದು ಉದ್ದ ಬದಲಿಸಿಕೊಳ್ಳಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಕೊಳ್ಳುವಾಗ ಸ್ಟಿಕ್ಕನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಂದೂಕಿಗೆ ಗುರಿ ಇಟ್ಟಂತೆ ಹಿಡಿಯಿಂದ ತುದಿಯವರೆಗೆ ನೋಡಿ. ನಡುವಿನ ಬಾಗು 25 ಮಿಲಿಮೀಟರ್ ಮೀರಬಾರದು ಎಂಬುದು ನಿಯಮ. ಪಕ್ಕಕ್ಕೆ ತಿರುಚಿಕೊಂಡದ್ದನ್ನು ಹಾಗೆಯೇ ಹಿಂದಿರುಗಿಸಿ. ತೂಕ 737 ಗ್ರಾಂ ಮೀರುವಂತಿಲ್ಲ, ಈ ವಯಸ್ಸಿಗೆ ಅದಕ್ಕಿಂತ ಎಷ್ಟೋ ಹಗುರವಾದದ್ದೇ ಒಳ್ಳೆಯದು. ಕೆಳಗಿನ ಕೊಕ್ಕೆ ತಿರುಗುವ ಜಾಗದಲ್ಲಿ ಹೆಬ್ಬೆರಳ ಉಗುರು ಓಡಿಸಿ. ಮರದ ಸ್ಟಿಕ್ ಸೀಳುವುದು ಅಲ್ಲಿಂದಲೇ. ಮರದ್ದು ಅಗ್ಗ, ಆದರೆ ಒದ್ದೆ ಮೈದಾನದಲ್ಲಿ ಆಡಿ ಒರೆಸದೆ ಇಟ್ಟರೆ ನೀರು ಕುಡಿದು ಭಾರವಾಗುತ್ತದೆ. ಫೈಬರ್ ಬೆರೆಸಿದ್ದಕ್ಕೆ ದುಡ್ಡು ಹೆಚ್ಚು, ಮಳೆಯ ಭಯ ಕಡಿಮೆ. ಒಂದೂವರೆ ಸಾವಿರದ ಮಿತಿಯಿದ್ದರೆ ಸಾಧಾರಣ ಸ್ಟಿಕ್ ಜೊತೆ ಒಂದು ಜೋಡಿ ಶಿನ್ ಗಾರ್ಡ್ ಕೊಡಿ. ಹೆಚ್ಚಿನ ಮಕ್ಕಳ ಬಳಿ ಹೇಗೋ ಒಂದು ಹಳೆಯ ಸ್ಟಿಕ್ ಇರುತ್ತದೆ, ಕಾಲಿಗೆ ಕಟ್ಟಲು ಏನೂ ಇರುವುದಿಲ್ಲ.

ಆಡದ ಮಗುವಿಗೆ ಇದು ಬಂದರೆ? ಸ್ಪರ್ಧೆಯೇ ಹಾಕಿಯದ್ದಾದರೆ ಆ ಪ್ರಶ್ನೆ ಬರುವುದಿಲ್ಲ. ರಸಪ್ರಶ್ನೆಗೆ ಹಾಕಿ ಸ್ಟಿಕ್ ಇಡಬೇಡಿ. ಕುಟುಂಬ ಹಾಕಿ ನಡೆಯುವುದು ಏಪ್ರಿಲ್, ಮೇ ಬೇಸಿಗೆಯಲ್ಲಿ. ಆದ್ದರಿಂದ ಫೆಬ್ರುವರಿ, ಮಾರ್ಚ್‌ನ ಕಾರ್ಯಕ್ರಮಕ್ಕೆ ಇದು ತಕ್ಕದ್ದು.

ಕೊಡೆ, ರೇನ್‌ಕೋಟ್, ಮಳೆ ತಡೆಯುವ ಬ್ಯಾಗ್

ಉಪಯೋಗದ ಲೆಕ್ಕದಲ್ಲಿ ಇದನ್ನು ಮೀರಿಸುವ ಬಹುಮಾನ ಕೊಡಗಿನಲ್ಲಿಲ್ಲ. ಆದರೆ ಕಾಲ ನೋಡಿ ಇಡಬೇಕು. ಶಾಲೆ ಶುರುವಾಗುವ ಜೂನ್ ಮೊದಲ ವಾರದಲ್ಲಿ ಮೇಜಿನ ಮೇಲೆ ಒಂದು ಒಳ್ಳೆಯ ಕೊಡೆಯಿಟ್ಟರೆ ತಾಯಂದಿರೇ ಮಕ್ಕಳನ್ನು ಸ್ಪರ್ಧೆಗೆ ನೂಕುತ್ತಾರೆ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ ಅದೇ ಕೊಡೆಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಮೂರು ಮಡಿಕೆಯ ಕೊಡೆ ಬ್ಯಾಗಿನಲ್ಲಿ ಹಿಡಿಯುತ್ತದೆ, ಮಕ್ಕಳಿಗೆ ಅದೇ ಇಷ್ಟ. ಆದರೆ ಜುಲೈಯ ಗಾಳಿಗೆ ಸಿಕ್ಕರೆ ತಟ್ಟೆಯಂತೆ ಮೇಲಕ್ಕೆ ಮಗುಚಿಕೊಳ್ಳುತ್ತದೆ. ಉದ್ದ ಕೋಲಿನ, ಫೈಬರ್ ಕಡ್ಡಿಯ ಕೊಡೆ ಎರಡು ಮಳೆಗಾಲ ಬಾಳುತ್ತದೆ. ಅಂಗಡಿಯಲ್ಲಿ ಬಿಚ್ಚಿ, ಕಡ್ಡಿಯ ತುದಿಗೆ ಬಟ್ಟೆ ಸೇರುವ ಜಾಗ ನೋಡಿ. ಎರಡೇ ಸುತ್ತು ದಾರ ಇದ್ದರೆ ಮೊದಲು ಕಿತ್ತುಹೋಗುವುದು ಅಲ್ಲೇ. ಮಾರಾಟಕ್ಕೆ ಬರುವವು ಹೆಚ್ಚಾಗಿ ಎಂಟು ಕಡ್ಡಿಯವು. ಹತ್ತು ಕಡ್ಡಿಯದು ಸಿಕ್ಕಿದರೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಬಣ್ಣ ಕಪ್ಪಾಗಿದ್ದರೆ ಮಕ್ಕಳು ಅಜ್ಜನ ಕೊಡೆ ಎನ್ನುತ್ತಾರೆ, ಗಾಢ ನೀಲಿಯೋ ಹಸಿರೋ ಆರಿಸಿ. ಮುನ್ನೂರರಿಂದ ಆರುನೂರರ ಒಳಗೆ ಮುಗಿಯುವುದರಿಂದ ಸಾವಿರದಿನ್ನೂರರಲ್ಲಿ ಎರಡು ಮೂರು ಬಹುಮಾನವೇ ಆಗುತ್ತದೆ.

ರೇನ್‌ಕೋಟ್ ಬೇಡ, ಅಳತೆಯ ತೊಂದರೆ. ಶಾಲಾ ಬ್ಯಾಗಿಗೆ ಹಾಕುವ ಮಳೆ ಹೊದಿಕೆ ಇನ್ನೂರರ ಆಸುಪಾಸಿನಲ್ಲಿ ಸಿಗುತ್ತದೆ. ಮೂರನೇ ಬಹುಮಾನಕ್ಕೆ ಅದು ಚೆನ್ನ.

ಚಾರ್ಜ್ ಮಾಡುವ ಓದುವ ದೀಪ

ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಾನು ಕೊನೆಗೆ ಬಂದು ನಿಂತದ್ದು ಇಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ನಮ್ಮ ಕಡೆ ಕರೆಂಟ್ ಎರಡು ಮೂರು ದಿನ ಬಾರದೆ ಇರುವುದುಂಟು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ ಸುತ್ತಲಿನ ಹಳ್ಳಿಗಳು ಕತ್ತಲಲ್ಲಿ ಕಳೆದ ರಾತ್ರಿಗಳನ್ನು ಇಲ್ಲಿನವರು ಮರೆತಿಲ್ಲ. ಹತ್ತನೇ ತರಗತಿಯ ಮಗು ಇರುವ ಮನೆಯಲ್ಲಿ ಒಳ್ಳೆಯ ದೀಪ ಎಂದರೆ ತಂದೆ ತಾಯಿಗೂ ನೆಮ್ಮದಿ.

ಇದು ಎಲ್ಲ ಅಳತೆಗೋಲಿಗೂ ಹೊಂದುತ್ತದೆ. ಆರುನೂರರಿಂದ ಸಾವಿರದಿನ್ನೂರರ ಒಳಗೆ ಬೆಲೆ. ಫೋನ್ ಬೇಡ, ಅಳತೆ ಬೇಡ, ಹುಡುಗ ಹುಡುಗಿ ಭೇದವಿಲ್ಲ, ಬ್ಯಾಗಿನಲ್ಲಿ ಹಿಡಿಯುತ್ತದೆ. ಮಕ್ಕಳು ಒಪ್ಪುತ್ತಾರೆಯೇ ಎಂಬ ಅಳುಕು ನನಗೂ ಇತ್ತು. ಕುತ್ತಿಗೆ ಬಾಗಿಸಬಲ್ಲ, ಬೆಳಕನ್ನು ಹಳದಿಯಿಂದ ಬಿಳಿಗೆ ಬದಲಿಸಬಲ್ಲ ದೀಪವೊಂದನ್ನು ತಂದು ಸಂಜೆ ತರಗತಿಯ ಕಿಟಕಿ ಮುಚ್ಚಿ ಹಚ್ಚಿದೆ. ಒಂಬತ್ತನೇ ತರಗತಿಯ ಒಬ್ಬಳು ಬಂದು ಗುಂಡಿಯನ್ನು ಮೂರು ಸಲ ಒತ್ತಿ, ಹಳದಿ ಬೆಳಕಿನಲ್ಲಿ ನಿಲ್ಲಿಸಿ, ತನ್ನ ಅಂಗೈಯನ್ನು ಅದರ ಕೆಳಗೆ ಹಿಡಿದು ನೋಡುತ್ತ ನಿಂತಳು. "ಟೀಚರ್, ಇದು ಇದ್ದರೆ ಅಕ್ಕ ಮಲಗಿದ ಮೇಲೂ ಓದಬಹುದು" ಎಂದಳು. ಆ ವರ್ಷ ರಸಪ್ರಶ್ನೆಗೆ ಹಿಂದೆಂದೂ ಬಾರದಷ್ಟು ತಂಡಗಳು ಬಂದವು.

ಕೊಳ್ಳುವಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಡಬ್ಬಿಯ ಮೇಲಿನ ಮಾತಿನಿಂದ ನಿರ್ಧರಿಸಬೇಡಿ. ಡಬ್ಬಿಯಲ್ಲಿ ಬರೆಯುವುದು ಸಾಮಾನ್ಯವಾಗಿ ಕಡಿಮೆ ಬೆಳಕಿನ ಲೆಕ್ಕ. ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಮರುದಿನ ಹೆಚ್ಚಿನ ಬೆಳಕಿನಲ್ಲಿ ಉರಿಸಿಡಿ. ನಾಲ್ಕು ಗಂಟೆ ಬಂದರೆ ಒಪ್ಪಿಕೊಳ್ಳಿ. ಚಾರ್ಜರ್ ತಂತಿ ಮನೆಯಲ್ಲಿರುವ ಮೊಬೈಲಿನದ್ದೇ ಹೊಂದುವಂತಿರಲಿ. ಅದಕ್ಕೆಂದೇ ಬೇರೆ ಪಿನ್ ಇರುವ ದೀಪ, ತಂತಿ ಕಳೆದ ದಿನವೇ ಸತ್ತಂತೆ.

ಪವರ್ ಬ್ಯಾಂಕ್ ಕೂಡ ಇದೇ ಸಾಲಿಗೆ ಸೇರುತ್ತದೆ. ಆದರೆ ಫೋನ್ ಇಲ್ಲದ ಮಗುವಿನ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ಕೊಡಗಿನ ಬುಟ್ಟಿ

ಕಾಫಿಪುಡಿ, ಜೇನು, ಕರಿಮೆಣಸು, ಏಲಕ್ಕಿ, ಒಂದು ಸಣ್ಣ ಬಾಟಲಿ ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿರಸ), ಮನೆಯಲ್ಲಿ ಮಾಡಿದ ಚಾಕೊಲೇಟ್, ಕಿತ್ತಳೆ. ನೋಡಲು ಎಷ್ಟು ಚಂದ! ಪೋಷಕರಿಂದ ಒಂದೊಂದು ಪೊಟ್ಟಣ ಕೇಳಿ ಪಡೆದರೆ ಬಿದಿರಿನ ಬುಟ್ಟಿಯ ಖರ್ಚು ಮಾತ್ರ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ), ಎಂದರೆ ಈ ನೆಲದ್ದೇ ಬೆಳೆ ಎಂಬ ಮಾನ್ಯತೆ, ಸಿಕ್ಕಿದೆ. ಕೊಡಗಿನ ಕಿತ್ತಳೆಗೂ ಏಲಕ್ಕಿಗೂ ಅದಕ್ಕೂ ಮುಂಚೆಯೇ ಆ ಮಾನ್ಯತೆ ಬಂದಿದೆ. ಹೆಮ್ಮೆಪಡುವ ವಸ್ತುಗಳೇ.

ಆದರೆ ಮಕ್ಕಳ ಸ್ಪರ್ಧೆಗೆ ಇದನ್ನು ಇಡಬೇಡಿ. ಅಟ್ಟದಲ್ಲಿ ಮೆಣಸಿನ ಮೂಟೆ ಇರುವ ಮನೆಯ ಹುಡುಗನಿಗೆ ನೂರು ಗ್ರಾಂ ಮೆಣಸು ಬಹುಮಾನವೆಂದರೆ ಅವನ ಮುಖ ನೋಡಲಾಗದು. ತೋಟದಲ್ಲಿ ದಿನವಿಡೀ ಕಾಫಿ ಕೊಯ್ದು ಬರುವ ತಾಯಿಯ ಮಗಳಿಗೂ ಅದರಲ್ಲಿ ಹೊಸತೇನಿಲ್ಲ.

ಈ ಬುಟ್ಟಿಯ ಜಾಗ ಹರಾಜು. ಶಾಲಾ ವಾರ್ಷಿಕೋತ್ಸವಕ್ಕೆ ಮೈಸೂರು, ಬೆಂಗಳೂರಿನಿಂದ ಬಂದ ನೆಂಟರು, ಹಳೆಯ ವಿದ್ಯಾರ್ಥಿಗಳು ಇರುತ್ತಾರೆ. ಅವರ ಎದುರು ಬುಟ್ಟಿಯನ್ನು ಹರಾಜಿಗೆ ಇಡಿ. ಹೆಚ್ಚು ಕೂಗಿದವರಿಗೆ ವಸ್ತು ಸಿಗುತ್ತದೆ, ಅದೃಷ್ಟದ ಮಾತೇ ಇಲ್ಲ. ಖರ್ಚು ಇನ್ನೂರು, ಬಂದದ್ದು ಪೂರ್ತಿ ನಿಧಿಗೆ. ಬಹುಮಾನದ ಖರ್ಚನ್ನೆಲ್ಲ ಈ ಒಂದು ಹರಾಜಿನಿಂದಲೇ ತುಂಬಿಕೊಂಡ ಶಾಲೆಯನ್ನು ನಾನು ಬಲ್ಲೆ. ಎರಡು ಎಚ್ಚರಿಕೆ. ಜೇನಿನ ಬಾಟಲಿಯಲ್ಲಿ ತುಂಬಿದ ದಿನಾಂಕ ಮತ್ತು ಯಾರಿಂದ ಬಂದದ್ದು ಎಂಬುದು ಇರಲಿ. ಪ್ರವಾಸಿಗರ ಅಂಗಡಿಗಳಲ್ಲಿ ಸಿಗುವ ಮನೆಯ ವೈನ್ ಬಾಟಲಿ ಶಾಲೆಯ ಆವರಣಕ್ಕೆ ಯಾವ ಕಾರಣಕ್ಕೂ ಬರಬಾರದು, ದೊಡ್ಡವರ ಹರಾಜಿಗಾದರೂ ಸರಿ.

ಪುಸ್ತಕ

ನನಗೆ ಪುಸ್ತಕದ ಮೇಲೆ ಎಷ್ಟು ಪ್ರೀತಿಯಿದ್ದರೂ, ದೊಡ್ಡವರು ಆರಿಸಿದ ಪುಸ್ತಕ ಹದಿಹರೆಯದವರಿಗೆ ಹಿಡಿಸುವುದು ಅಪರೂಪ. ಪಟ್ಟಣದ ಪುಸ್ತಕದಂಗಡಿಯವರ ಜೊತೆ ಮಾತಾಡಿ, ಐನೂರು ರೂಪಾಯಿಯ ಚೀಟಿ ಮಾಡಿಸಿ. ಒಂದು ತಿಂಗಳೊಳಗೆ ಗೆದ್ದವರೇ ಬಂದು ಆರಿಸಿಕೊಳ್ಳಲಿ. ಕಥೆಯಾಗಲಿ, ಚಿತ್ರ ಬಿಡಿಸುವ ಪುಸ್ತಕವಾಗಲಿ, ಬಣ್ಣದ ಪೆನ್ನುಗಳಾಗಲಿ. ಪ್ರಬಂಧ, ಭಾಷಣ ಸ್ಪರ್ಧೆಗೆ ಇದು ಹೊಂದುತ್ತದೆ.

ನಗದು ಮತ್ತು ಗಿಫ್ಟ್ ಕಾರ್ಡ್

ಸುಲಭ, ಆದರೆ ನಾನು ಒಪ್ಪುವುದಿಲ್ಲ. ಬೇರೆ ಮಕ್ಕಳಿಗಾಗಿ ಕೂಡಿಸಿದ ಹಣದಿಂದ ನೋಟು ಎಣಿಸಿ ಒಂದು ಮಗುವಿನ ಕೈಗೆ ಕೊಡುವುದು ಆ ಮಗುವಿಗೂ ಹಿತವಾಗುವುದಿಲ್ಲ. ಹಣದ ಅಗತ್ಯವಿರುವ ಮನೆಯದಾದರೆ ಅಪ್ಪನ ಜೇಬಿಗೆ ಹೋಗುತ್ತದೆ, ಮಗುವಿಗೆ ಗೆದ್ದ ಗುರುತು ಏನೂ ಉಳಿಯುವುದಿಲ್ಲ. ಆನ್‌ಲೈನ್ ಅಂಗಡಿಯ ಕಾರ್ಡಿಗೆ ಖಾತೆ ಬೇಕು, ಫೋನ್ ಬೇಕು, ಸಾಮಾನು ತಲುಪುವ ವಿಳಾಸ ಬೇಕು. ಲೈನ್ ಮನೆಗೆ ಕೊರಿಯರ್‌ನವರು ಬರುವುದಿಲ್ಲ.

ಪ್ರವಾಸ

ಮಾಂದಲಪಟ್ಟಿಗೆ ಜೀಪ್, ದುಬಾರೆಯಲ್ಲಿ ರಾಫ್ಟಿಂಗ್ ಎಂದರೆ ಮಕ್ಕಳು ಕುಣಿಯುತ್ತಾರೆ. ಪೋಷಕರ ಒಪ್ಪಿಗೆ, ಜೊತೆಗೆ ಹೋಗುವ ಶಿಕ್ಷಕರು, ವಾಹನ, ನೀರಿನ ಅಪಾಯ ಇವನ್ನೆಲ್ಲ ಹೊರುವ ಶಕ್ತಿ ಸಣ್ಣ ಶಾಲೆಗೆ ಇರುವುದಿಲ್ಲ. ಬಿಡಿ.

ತರಗತಿಗೆ ಒಂದೇ ಬಹುಮಾನ

ಒಬ್ಬರಿಗೆ ಕೊಡುವುದನ್ನೇ ಯೋಚಿಸುತ್ತಿರುವವರಿಗೆ ಇನ್ನೊಂದು ದಾರಿಯಿದೆ. ಯಾವ ತರಗತಿ ಹೆಚ್ಚು ನಿಧಿ ಕೂಡಿಸುತ್ತದೋ ಆ ತರಗತಿಗೆಲ್ಲ ಐಸ್‌ಕ್ರೀಮ್. ನಲವತ್ತು ಮಕ್ಕಳಿಗೆ ಮೂವತ್ತು ರೂಪಾಯಿಯಂತೆ 1,200. ಇಲ್ಲಿ ಗೆದ್ದು ಎದ್ದು ಕಾಣುವ ಒಬ್ಬರಿಲ್ಲ, ಸೋತು ಮುದುಡುವ ಒಬ್ಬರಿಲ್ಲ. ಓದಿನಲ್ಲಿ ಹಿಂದೆ ಇರುವ ಹುಡುಗನೂ ಮನೆಯ ಹಿತ್ತಲಿನ ಬೆಣ್ಣೆಹಣ್ಣು ತಂದು ಮಾರಿ ತನ್ನ ತರಗತಿಯ ಡಬ್ಬಿಗೆ ಹಾಕುತ್ತಾನೆ.

ಊಟವೇ ಬೇಕೆಂದು ಮಕ್ಕಳು ಹಟ ಮಾಡಿದರೆ ಮಸಾಲೆ ದೋಸೆಗೆ ನಿಲ್ಲಿ. ಬಿರಿಯಾನಿ, ಪಂದಿಕರಿ (ಹಂದಿ ಮಾಂಸದ ಸಾರು) ಎಂದು ಹೊರಟರೆ ತರಗತಿಯ ಅರ್ಧ ಮಕ್ಕಳು ಯಾವುದೋ ಕಾರಣಕ್ಕೆ ಹೊರಗೆ ಉಳಿಯುತ್ತಾರೆ. ಹೆಚ್ಚು ಹಣ ಎಂಬ ಅಳತೆಯಲ್ಲೂ ಒಂದು ತೊಡಕಿದೆ. ಶ್ರೀಮಂತ ಪೋಷಕರು ಒಂದೇ ನೋಟಿನಲ್ಲಿ ಗೆಲ್ಲಿಸಿಬಿಡುತ್ತಾರೆ. ಆದ್ದರಿಂದ ಒಟ್ಟು ಮೊತ್ತ ನೋಡಬೇಡಿ, ತರಗತಿಯಲ್ಲಿ ಎಷ್ಟು ಮಕ್ಕಳು ದುಡಿದರು ಎಂಬುದನ್ನು ಎಣಿಸಿ. ಹತ್ತು ರೂಪಾಯಿ ತಂದವರಿಗೂ ಐನೂರು ತಂದವರಿಗೂ ಒಂದೇ ಅಂಕ.

ಖರ್ಚೇ ಇಲ್ಲದ ಬಹುಮಾನಗಳನ್ನೂ ಇದರ ಜೊತೆ ಸೇರಿಸಬಹುದು. ಒಂದು ದಿನ ಸಮವಸ್ತ್ರವಿಲ್ಲದೆ ಬರುವುದು, ಶನಿವಾರದ ಕೊನೆಯ ಎರಡು ಪಿರಿಯಡ್ ಆಟ, ಗೆದ್ದವರು ಒಂದು ದಿನ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂರುವುದು. ಇದರಲ್ಲಿ ಕೊನೆಯದಕ್ಕೆ ಮಕ್ಕಳು ಎಷ್ಟು ಆಸೆಪಡುತ್ತಾರೆಂದರೆ ದೀಪ, ಸ್ಟಿಕ್ ಎಲ್ಲ ಹಿಂದಾಗುತ್ತವೆ. ಬಡ ಮನೆಯ ಮಕ್ಕಳೇ ಹೆಚ್ಚಾಗಿರುವ ಶಾಲೆಯಲ್ಲಿ, ಸಮವಸ್ತ್ರವಿಲ್ಲದ ದಿನ ಮಾತ್ರ ಬೇಡ. ಹಾಕಲು ಒಳ್ಳೆಯ ಬಟ್ಟೆಯಿಲ್ಲದ ಮಗು ಆ ದಿನ ಶಾಲೆಗೇ ಬರುವುದಿಲ್ಲ.

ಕೈಯಲ್ಲಿ ಎಷ್ಟಿದೆ?

ಐನೂರರ ಒಳಗಾದರೆ ಒಂದು ಗಟ್ಟಿ ಕೊಡೆ ಕೊಂಡು, ಮುಖ್ಯೋಪಾಧ್ಯಾಯರ ಕುರ್ಚಿಯನ್ನು ಮೊದಲ ಬಹುಮಾನವಾಗಿಸಿ, ಕೊಡೆಯನ್ನು ಎರಡನೆಯದಾಗಿ ಇಡಿ. ಮಳೆಗಾಲ ಅಲ್ಲದಿದ್ದರೆ ಕೊಡೆಯ ಬದಲು ಪುಸ್ತಕದಂಗಡಿಯ ಚೀಟಿ.

ಸಾವಿರದಿಂದ ಸಾವಿರದೈನೂರು ಎಂದರೆ ಓದುವ ದೀಪವೇ ನನ್ನ ಆಯ್ಕೆ. ಜೊತೆಗೆ ಇನ್ನೂರರ ಬ್ಯಾಗ್ ಹೊದಿಕೆ. ಹಾಕಿ ಆಡುವ ಶಾಲೆ, ಬೇಸಿಗೆಯ ಮುಂಚಿನ ಕಾರ್ಯಕ್ರಮ ಎಂದಾದರೆ ಸ್ಟಿಕ್ ಮತ್ತು ಶಿನ್ ಗಾರ್ಡ್. ಮಕ್ಕಳ ನಡುವೆ ಈಗಾಗಲೇ ಪೈಪೋಟಿ, ಮನಸ್ತಾಪ ಇರುವ ಶಾಲೆಯಾದರೆ ಎರಡನ್ನೂ ಬಿಟ್ಟು ತರಗತಿಯ ಐಸ್‌ಕ್ರೀಮಿಗೆ ಹೋಗಿ.

ಮೂರು ಸಾವಿರ ಖರ್ಚು ಮಾಡುವ ಧೈರ್ಯ ಹದಿನೈದು ಸಾವಿರ ಬರುವ ಭರವಸೆಯಿದ್ದರೆ ಮಾತ್ರ. ಆಗಲೂ ಒಂದು ದೊಡ್ಡದರ ಬದಲು ಎರಡು ದೀಪ, ಒಂದು ಸ್ಟಿಕ್ ಎಂದು ಹಂಚಿ. ಮೂರು ಬೇರೆ ಸ್ಪರ್ಧೆ, ಮೂರು ಬೇರೆ ಸಾಮರ್ಥ್ಯದ ಮಕ್ಕಳು ವೇದಿಕೆ ಹತ್ತುತ್ತಾರೆ.

ಅಂಗಡಿಯವರಿಂದ ದಾನವಾಗಿ ಕೇಳುವುದಾದರೆ ಸಂಕೋಚ ಬೇಡ, ಬಹಳ ಜನ ಕೊಡುತ್ತಾರೆ. ಆದರೆ ಮಾರಾಟವಾಗದೆ ಉಳಿದದ್ದನ್ನು ದಾಟಿಸುವವರೂ ಇದ್ದಾರೆ. ಒಮ್ಮೆ ನಮಗೆ ಸಿಕ್ಕ ಟಾರ್ಚಿನ ಒಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ವೇದಿಕೆಯ ಮೇಲೆ ಮಗು ಗುಂಡಿ ಒತ್ತಿದಾಗಲೇ ಗೊತ್ತಾದದ್ದು. ದಾನವಾಗಿ ಬಂದದ್ದನ್ನೂ ಕೊಂಡದ್ದರಂತೆಯೇ ಬಿಚ್ಚಿ, ಹಚ್ಚಿ, ನೋಡಿ ಇಡಿ.

ಬಹುಮಾನ ಕೊಡುವ ದಿನ ಬಿಲ್ ಮತ್ತು ವಾರಂಟಿ ಚೀಟಿಯನ್ನು ಅದೇ ಡಬ್ಬಿಯೊಳಗೆ ಹಾಕಿ, ಮೇಲೆ ಶಾಲೆಯ ಫೋನ್ ಸಂಖ್ಯೆ ಬರೆಯಿರಿ. ಮರುದಿನ ಸೂಚನಾ ಫಲಕದಲ್ಲಿ ಮೂರು ಸಾಲು ಇರಲಿ: ಬಂದದ್ದು ಎಷ್ಟು, ಬಹುಮಾನಕ್ಕೆ ಹೋದದ್ದು ಎಷ್ಟು, ಉಳಿದದ್ದರಿಂದ ಏನು ತಂದೆವು. ಅದನ್ನು ಬರೆಯುವ ಕೆಲಸ ಮಕ್ಕಳದ್ದೇ ಆಗಲಿ. ದೀಪ ಇಟ್ಟ ವರ್ಷ ನಮ್ಮ ಮೂರನೇ ಸಾಲಿನಲ್ಲಿ ಇದ್ದದ್ದು ಇಪ್ಪತ್ತೆಂಟು ರೇನ್‌ಕೋಟ್. ಸೈಕಲ್ಲಿನ ವರ್ಷ ಬಿಟ್ಟುಹೋಗಿದ್ದ ಮಕ್ಕಳೂ ಅಷ್ಟೇ.